ಗಡಿಯಾರದಪ್ಪನ ಕತ್ತೆ

ಕಾಗದದಲ್ಲಿ ಇದ್ದದ್ದು ಮೂರೇ ಸಾಲು. 'ನಮ್ಮ ಮನೆಯಲ್ಲಿ ನೀವು ಕತ್ತೆ ಸಾಕಿದ್ದೀರಿ ಎಂದು ಕೇಳಿದೆ. ಭಾನುವಾರ ಹನ್ನೊಂದು ಗಂಟೆಗೆ ನಾನೇ ಬಂದು ನೋಡುತ್ತೇನೆ. ಮನೆ ಕರಾರು ಮುಂದುವರಿಸುವ ವಿಚಾರ ಆಗಲೇ ತೀರ್ಮಾನವಾಗಲಿ.' ಕೆಳಗೆ ಮನೆ ಯಜಮಾನಿಯ ಸಹಿ.

ಅಂದು ಭಾನುವಾರ. ಹೊತ್ತು ಎಂಟು ಗಂಟೆ.

"ಕಾಗದ ಬಂದು ನಾಲ್ಕು ದಿನ ಆಯ್ತು ಅಣ್ಣ. ಪೋಸ್ಟಿನವನು ತಪ್ಪಿ ನಮ್ಮಲ್ಲಿ ಕೊಟ್ಟು ಹೋಗಿದ್ದ. ಹೊಲೀತಿದ್ದ ಕೋಟಿನ ಜೇಬಲ್ಲಿಟ್ಟು ಮರೆತೇಬಿಟ್ಟೆ," ಎಂದ ಪಕ್ಕದ ಮನೆಯ ದರ್ಜಿ. "ನಾನಂತೂ ಓದಿಲ್ಲಪ್ಪ. ಆದರೂ ಹನ್ನೊಂದಕ್ಕೆ ಬರ್ತಾರೆ ಅಂದ್ರೆ ಉಳಿದಿರೋದು ಮೂರೇ ಗಂಟೆ!"

ಗಡಿಯಾರದಪ್ಪ ಕಾಗದವನ್ನು ಇನ್ನೊಮ್ಮೆ ಓದಿದ. ಅದೇ ಹೊತ್ತಿಗೆ ಗೋಡೆಯ ಮೇಲಿನ ಮೂವತ್ತೊಂದು ಗಡಿಯಾರಗಳೂ ಒಂದರ ಮೇಲೊಂದು ಬಿದ್ದು ಎಂಟು ಹೊಡೆದವು. ಅವು ಮುಗಿಸುವ ಮೊದಲೇ ಹಿತ್ತಲಿನಿಂದ ಕತ್ತೆ ಶುರುಮಾಡಿತು.

ಗಡಿಯಾರ ರಿಪೇರಿ ಮಾಡುವ ಈ ಮನುಷ್ಯನನ್ನು ಬೀದಿಯೆಲ್ಲ ಗಡಿಯಾರದಪ್ಪ ಎಂದೇ ಕರೆಯುತ್ತಿತ್ತು. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ, ಅದರಾಚೆ ಹಿತ್ತಲು. ಇಂಥ ಮನೆ ಇನ್ನೊಂದು ಸಿಗುವುದು ಕನಸಿನ ಮಾತು. ಹಗಲೂ ರಾತ್ರಿ ಮೂವತ್ತೊಂದು ಗಡಿಯಾರ ಗಂಟೆ ಬಾರಿಸುವ ಬಾಡಿಗೆದಾರನನ್ನು ಯಾರು ಇಟ್ಟುಕೊಳ್ಳುತ್ತಾರೆ ಹೇಳಿ? ಹಿಂದಿನ ಎರಡು ಮನೆಗಳವರು 'ನಮಗೆ ನಿದ್ದೆ ಬೇಕು ಮಾರಾಯ' ಎಂದು ಕೈಮುಗಿದು ಕಳಿಸಿದ್ದರು. ಈ ಮನೆ ಹೋದರೆ ಗಡಿಯಾರ, ಹೆಂಡತಿ, ಕತ್ತೆ ಸಮೇತ ಬೀದಿಯಲ್ಲಿ ನಿಲ್ಲಬೇಕು.

ಅಂಥವನಿಗೆ ಕತ್ತೆಯ ಹುಚ್ಚು ಯಾಕೆ ಹಿಡಿಯಿತು? ಆರು ತಿಂಗಳ ಹಿಂದೆ ಊರಾಚೆಯ ಇಟ್ಟಿಗೆ ಗೂಡು ಮುಚ್ಚಿತು. ಅಲ್ಲಿದ್ದ ಕತ್ತೆಗಳನ್ನು ಕೇಳಿದವರಿಗೆ ಕೊಟ್ಟುಬಿಡುತ್ತಿದ್ದರು. ಅಲ್ಲಿಯ ಗಡಿಯಾರ ವಾಪಸು ಕೊಡಲು ಹೋಗಿದ್ದ ಇವನನ್ನು ಒಂದು ಬೂದು ಕತ್ತೆ ತಲೆ ಓರೆಮಾಡಿ ನೋಡಿತು. ಆ ಕಣ್ಣೇನು, ಆ ರೆಪ್ಪೆಯೇನು! ಮನೆಗೆ ಕರೆತಂದು 'ದೊರೆ' ಎಂದು ಹೆಸರಿಟ್ಟ. ಇವನು ಹಿಂದಿನ ಕೋಣೆಯಲ್ಲಿ ಸಣ್ಣ ಕೆಲಸಕ್ಕೆ ಕೂತರೆ ದೊರೆ ಕಿಟಕಿಯ ಮೇಲೆ ಗಲ್ಲವಿಟ್ಟು ನಿಲ್ಲುತ್ತಿದ್ದ. 'ನನ್ನ ವಾಚು ಯಾವಾಗ ಕೊಡ್ತೀರಿ' ಎಂದು ಕೇಳದೆ ಇವನ ಮಾತು ಕೇಳುವ ಜೀವ ಊರಿಗೆಲ್ಲ ಅದೊಂದೇ.

ಆದರೆ ಕಣ್ಣಿನ ಹಿಂದೆ ಇಡೀ ಕತ್ತೆ ಇರುತ್ತದಲ್ಲ! ಅದಕ್ಕೆ ಒಣಹುಲ್ಲು ಬೇಕು, ಜಂತುಹುಳದ ಔಷಧಿ ಬೇಕು, ಎರಡು ತಿಂಗಳಿಗೊಮ್ಮೆ ಗೊರಸು ಕತ್ತರಿಸಬೇಕು. ಗೊರಸು ಕತ್ತರಿಸುವವನು ಬೇರೆ ಊರಿಂದ ಬಸ್ಸು ಹತ್ತಿ ಬರುತ್ತಿದ್ದ; ಬಂದರೆ ದೊರೆಗಿಂತ ಹೆಚ್ಚು ತಿನ್ನುತ್ತಿದ್ದ. ಇನ್ನು ದೊರೆಯ ಕೂಗು. "ಒಂಟಿ ಕತ್ತೆ ಹೀಗೇ ಕಣ್ರೀ, ಜೊತೆಗೆ ಇನ್ನೊಂದು ತಂದ್ಬಿಡಿ," ಎಂದು ದನದ ಡಾಕ್ಟರು ಸಲಹೆ ಕೊಟ್ಟಾಗ ಹೆಂಡತಿ ಅವರನ್ನು ನೋಡಿದ ನೋಟಕ್ಕೆ ಅವರು ಮತ್ತೆ ಈ ಬೀದಿಗೆ ಕಾಲಿಟ್ಟಿಲ್ಲ.

ಸಾಲದ್ದಕ್ಕೆ ಗಡಿಯಾರದಪ್ಪನೇ ಒಂದು ಎಡವಟ್ಟು ಮಾಡಿಕೊಂಡಿದ್ದ. ಮೊದಮೊದಲು ಗಂಟೆ ಹೊಡೆದಾಗಲೆಲ್ಲ ದೊರೆ ಬೆಚ್ಚುತ್ತಿದ್ದ. ಸಮಾಧಾನವಾಗಲಿ ಎಂದು ಇವನು ಪ್ರತಿ ಗಂಟೆಗೂ ಒಂದು ಕ್ಯಾರೆಟ್ ಕೊಟ್ಟ. ಈಗ ಗಂಟೆ ಹೊಡೆದರೆ ಸಾಕು, ಕ್ಯಾರೆಟ್ ಬಾಯಿಗೆ ಬೀಳುವ ತನಕ ದೊರೆ ಬೀದಿಯ ಹೆಂಚು ಹಾರುವಂತೆ ಕೂಗುತ್ತಿದ್ದ.

"ಕತ್ತೆ ಇದೆ ಅಂತ ಒಪ್ಕೊಂಡುಬಿಡಿ," ಎಂದಳು ಹೆಂಡತಿ. "ನೋಡೋಕೆ ಬರ್ತೀನಿ ಅಂದಿದಾರೆ. ನೋಡ್ಲಿ."

"ನಿನಗೆ ಗೊತ್ತಾಗಲ್ಲ ಸುಮ್ನಿರು! 'ತೀರ್ಮಾನ' ಅಂತ ಬರೆದಿದಾರೆ. ಒಳ್ಳೇದು ಮಾಡೋರು ಯಾರಾದ್ರೂ ಆ ಮಾತು ಬರೀತಾರಾ?"

"ನಮ್ಮಲ್ಲಿ ಕಟ್ಟಿಹಾಕಿ ಅಣ್ಣ," ಎಂದ ದರ್ಜಿ. "ಯಾರು ಕೇಳಿದ್ರೂ ನಂದೇ ಅಂತೀನಿ. ನಿಮಗೋಸ್ಕರ ಇಷ್ಟೂ ಮಾಡಲ್ವಾ?"

ಗಡಿಯಾರದಪ್ಪನ ಕಣ್ಣು ತುಂಬಿಬಂತು. ದೊರೆಯನ್ನು ಪಕ್ಕದ ಮನೆಯಲ್ಲಿ ಕಟ್ಟಿದರೂ ಹನ್ನೊಂದು ಹೊಡೆದ ಕೂಡಲೇ ಕೂಗುತ್ತಾನೆ, ಆಗ ಏನು ಗತಿ ಎಂದು ಹೊಳೆದದ್ದೇ ತಡ, ಸ್ಟೂಲು ಹತ್ತಿ ಮೂವತ್ತೊಂದು ಗಡಿಯಾರಗಳನ್ನೂ ನಿಲ್ಲಿಸಿದ. ಎಲ್ಲ ಎಂಟು ಇಪ್ಪತ್ತಕ್ಕೆ ನಿಂತವು. ಹದಿನೇಳು ವರ್ಷದಲ್ಲಿ ಮೊದಲ ಸಲ ಆ ಮನೆ ಸದ್ದಿಲ್ಲದಂತಾಯಿತು, ಅದಕ್ಕೂ ಅವನಿಗೆ ಭಯವಾಯಿತು.

ಹಿತ್ತಲಿಗೆ ಬೇರೆ ಬಾಗಿಲಿರಲಿಲ್ಲ. ದೊರೆ ಅಡುಗೆಮನೆ ದಾಟಿ, ಮಂಚ ದಾಟಿ, ಅಂಗಡಿ ದಾಟಿಯೇ ಬೀದಿಗೆ ಬರಬೇಕು. ಅಡುಗೆಮನೆ ದಾಟಿದ. ಮಂಚದ ಹತ್ತಿರ ನಿಂತ. ನಿಂತವನು ನಿಂತೇಬಿಟ್ಟ.

"ಕತ್ತೇನ ಹಿಂದಿಂದ ತಳ್ಳಬಾರದು, ಒದೆಯುತ್ತೆ," ಎಂದ ದರ್ಜಿ. "ಮುಂದಿಂದ ಎಳೀಲೂ ಬಾರದು, ಕೂತ್ಕೊಂಡುಬಿಡುತ್ತೆ."

"ಮತ್ತೆ ಏನು ಮಾಡಬೇಕಯ್ಯಾ?"

"ಅದೇ ಯೋಚಿಸ್ತಿದೀನಿ."

ಗಡಿಯಾರದಪ್ಪ ಬೇಡಿಕೊಂಡ, ಗದರಿದ, ಕಿವಿಯಲ್ಲಿ ಗುಟ್ಟು ಹೇಳಿದ. ದೊರೆ ತಲೆದಿಂಬಿನ ಮೂಲೆಯನ್ನು ನಿಧಾನವಾಗಿ ಅಗಿಯುತ್ತ ಕೇಳಿಸಿಕೊಂಡ. ಎಂಟಕ್ಕೆ ಕೊಟ್ಟದ್ದೇ ಕಡೆಯದು, ಮನೆಯಲ್ಲಿ ಒಂದು ಕ್ಯಾರೆಟ್ಟೂ ಉಳಿದಿರಲಿಲ್ಲ.

"ಟೈಮೆಷ್ಟಾಯ್ತು?" ಎಂದು ಗಡಿಯಾರದಪ್ಪ ಬೆವರೊರೆಸುತ್ತ ಗೋಡೆ ನೋಡಿದ. ಎಂಟು ಇಪ್ಪತ್ತು. ಎದುರು ಗೋಡೆ ನೋಡಿದ. ಎಂಟು ಇಪ್ಪತ್ತು. ಅವನ ಕೈಗಡಿಯಾರ ಎರಡು ವರ್ಷದಿಂದ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. "ನಿಮ್ಮನೇಲಿ ನೋಡಿ ಬಾರಯ್ಯ!"

"ನಮ್ಮನೇಲಿ ಗಡಿಯಾರ ಎಲ್ಲಿದೆ ಅಣ್ಣ? ನಿಮ್ಮ ಗೋಡೆ ಇರುವಾಗ ನಾನ್ಯಾಕೆ ತಗೊಳ್ಳಲಿ?"

ಬೀದಿಯೆಲ್ಲ ಹಾಗೇ ಬದುಕಿತ್ತು. ಎದುರಿನ ಕ್ಷೌರದಂಗಡಿಯವನು ಇಣುಕಿ, "ಇವತ್ತು ಗಂಟೆ ಯಾಕೆ ಹೊಡೀತಿಲ್ಲ? ಅಂಗಡಿ ತೆಗೀಬೇಕೋ ಊಟಕ್ಕೆ ಹೋಗಬೇಕೋ ಗೊತ್ತಾಗ್ತಿಲ್ಲ," ಎಂದು ಬೇಸರಪಟ್ಟುಕೊಂಡು ಹೋದ. ಒಂಬತ್ತಾಗಿದೆಯೋ ಹನ್ನೊಂದಾಗಿದೆಯೋ ತಿಳಿಯದೆ ಗಡಿಯಾರದಪ್ಪ ಬಾಗಿಲಿಗೂ ಮಂಚಕ್ಕೂ ಓಡಾಡತೊಡಗಿದ.

ಕಡೆಗೆ ದರ್ಜಿಯೇ ಓಡಿಹೋಗಿ ತನ್ನ ಅಡುಗೆಮನೆಯಿಂದ ಒಂದು ಚೀಲ ಕ್ಯಾರೆಟ್ ತಂದ. ದೊರೆ ದಿಂಬು ಬಿಟ್ಟು ಅವನ ಹಿಂದೆ ಮದುಮಗನ ಹಾಗೆ ಹೊರಟ. ಮಂಚ ದಾಟಿದ, ಅಂಗಡಿ ದಾಟಿದ, ದರ್ಜಿಯ ಮೆಟ್ಟಿಲ ಮೇಲೆ ಮುಂಗಾಲಿಟ್ಟ. ಬೀದಿಯಲ್ಲಿ ಒಂದು ಕಾರು ಬಂದು ನಿಂತಿತು. ಯಜಮಾನಿ ಇಳಿದರು.

"ಈ ಕತ್ತೆ ಯಾರದು?" ಎಂದರು.

"ಇವರದು!" ಎಂದ ಗಡಿಯಾರದಪ್ಪ, ಯಾರೋ ಹಿಂದಿನಿಂದ ಚುಚ್ಚಿದ ಹಾಗೆ.

"ಹೌದಮ್ಮ, ನಂದೇ," ಎಂದ ದರ್ಜಿ.

ಯಜಮಾನಿ ಗಡಿಯಾರದಪ್ಪನ ಮುಖ ನೋಡಿದರು. "ನಿಮ್ಮದು ಅಂತ ಕೇಳಿದ್ದೆನಲ್ಲ?"

"ಅಯ್ಯೋ, ಬಿಡ್ತು ಅನ್ನಿ ತಾಯಿ! ನನಗೆ ಕತ್ತೆ ಕಂಡ್ರೇ ಆಗಲ್ಲ. ಆ ವಾಸನೆ, ಆ ಕೂಗು! ನಾನೇ ನಿಮಗೆ ದೂರು ಬರೆಯೋಣ ಅಂತಿದ್ದೆ."

ದೊರೆ ಕತ್ತು ಚಾಚಿ ಅವನ ಜೇಬು ಮೂಸಿದ. "ಹೋಗಾಚೆ!" ಎಂದು ಅವನು ಆ ಮೂತಿಯನ್ನು ದೂಡಿದ. ದೊರೆ ಒಂದು ಗಳಿಗೆ ಅವನನ್ನೇ ನೋಡಿದ, ಆಮೇಲೆ ದರ್ಜಿಯ ಕಡೆ ತಿರುಗಿಕೊಂಡ.

ಯಜಮಾನಿ ಬಗ್ಗಿ ದೊರೆಯ ಕಾಲೆತ್ತಿ ನೋಡಿದರು. "ಗೊರಸು ಎಷ್ಟು ನೀಟಾಗಿದೆ!"

"ಎರಡು ತಿಂಗಳಿಗೊಮ್ಮೆ ಮಾಡಿಸ್ತೀನಮ್ಮ," ಎಂದ ದರ್ಜಿ. "ಬೇರೆ ಊರಿಂದ ಜನ ಕರೆಸಿ."

"ಹುಳದ ಔಷಧಿ?"

"ತಪ್ಪಿಸೋದೇ ಇಲ್ಲ." ಗೋಡೆಯಾಚೆಯಿಂದ ಕೇಳಿಸಿಕೊಂಡದ್ದನ್ನೆಲ್ಲ ದರ್ಜಿ ಒಂದೂ ಬಿಡದೆ ಒಪ್ಪಿಸಿದ.

ಯಜಮಾನಿಯ ಕಣ್ಣು ಒದ್ದೆಯಾಯಿತು. "ನಮ್ಮನೇಲೂ ಒಂದಿದೆ. ಅದರ ಜೊತೆಯದು ಸತ್ತಮೇಲೆ ಸರಿಯಾಗಿ ಮೇವು ಮುಟ್ಟಿಲ್ಲ. ನನ್ನ ಬಾಡಿಗೆದಾರರೇ ಕತ್ತೆ ಸಾಕಿದಾರೆ ಅಂತ ಕೇಳಿ ಜೀವ ಬಂದ ಹಾಗಾಯ್ತು. ಎರಡನ್ನೂ ಒಟ್ಟಿಗೆ ನೋಡ್ಕೊಂಡ್ರೆ ಬಾಡಿಗೇನೇ ಬೇಡ, ಎಷ್ಟು ವರ್ಷ ಬೇಕಾದ್ರೂ ಇರಿ ಅಂತ ಹೇಳೋಕೆ ಬಂದೆ. ಹೇಳಿದವರು ಮನೆ ತಪ್ಪಿ ಹೇಳಿದಾರೆ ಅಷ್ಟೇ." ದರ್ಜಿಯ ಕಡೆ ತಿರುಗಿದರು. "ಇಷ್ಟು ಇಕ್ಕಟ್ಟಲ್ಲೂ ಸಾಕಿದೀರಲ್ಲಪ್ಪ! ತಿಂಗಳ ಕೊನೆಗೆ ಇವರ ಕರಾರು ಮುಗಿಯುತ್ತೆ, ಈ ಮನೆಗೆ ನೀವೇ ಬಂದುಬಿಡಿ."

ಗಡಿಯಾರದಪ್ಪ ಇಬ್ಬರ ನಡುವೆ ನುಗ್ಗಿದ. "ಅಮ್ಮಾ, ಸುಳ್ಳು ಹೇಳಿದೆ! ಈ ಕತ್ತೆ ನಂದೇ!"

"ಬಾಡಿಗೆ ಇಲ್ಲ ಅಂದ ಕೂಡಲೇ ನಿಮ್ಮದಾಯ್ತಾ?"

"ಇವನನ್ನೇ ಕೇಳಿ!" ಎಂದು ದರ್ಜಿಯ ತೋಳು ಹಿಡಿದ. ದರ್ಜಿ ಆ ವಿಶಾಲವಾದ ಮನೆಯನ್ನು ನೋಡಿದ, ಹಿತ್ತಲ ಬೆಳಕು ನೋಡಿದ, ಆಮೇಲೆ ನೆಲ ನೋಡಿದ.

"ಸಾಕ್ಷಿ ಕೊಡ್ತೀನಿ ತಾಯಿ! ನನ್ನ ಗಡಿಯಾರದ ಗಂಟೆ ಕೇಳಿದ್ರೆ ದೊರೆ ಓಗೊಡ್ತಾನೆ, ನೋಡ್ತಿರಿ!" ಅವನು ಒಳಗೋಡಿ ದೊಡ್ಡ ಗಡಿಯಾರದ ಲೋಲಕ ತೂಗಿಸಿ, ಮುಳ್ಳನ್ನು ಹನ್ನೆರಡಕ್ಕೆ ತಿರುಗಿಸಿದ. ಗಂಟೆ ಹೊಡೆಯಿತು. ದೊರೆ ಕಿವಿ ನಿಗುರಿಸಿ, ಹಲ್ಲು ಕಿರಿದು, ಹೊಟ್ಟೆಯ ಆಳದಿಂದ ಬೀದಿ ನಡುಗುವಂತೆ ಕೂಗಿದ. ದರ್ಜಿ ಥಟ್ಟನೆ ಒಂದು ಕ್ಯಾರೆಟ್ ಬಾಯಿಗಿಟ್ಟ. ದೊರೆ ಸುಮ್ಮನಾದ.

ಗಡಿಯಾರದಪ್ಪ ಗೆದ್ದ ಮುಖದಲ್ಲಿ ಹೊರಗೆ ಬಂದ. ಯಜಮಾನಿ ದೊರೆಯ ಕತ್ತು ತಬ್ಬಿಕೊಂಡು ಅವನನ್ನು ಕೆಂಗಣ್ಣಿನಿಂದ ನೋಡುತ್ತಿದ್ದರು.

"ಮೂಕಪ್ರಾಣಿ ಹೇಗೆ ಚೀರಿಕೊಳ್ತು ನೋಡಿ! ಹಗಲೂ ರಾತ್ರಿ ಈ ಸದ್ದು ಕೇಳಿಸಿ ಹಿಂಸೆ ಕೊಟ್ಟಿದೀರಲ್ಲ, ನಿಮಗೆ ಕರುಣೆ ಬೇಡ್ವಾ? ತಿಂಗಳ ಕೊನೆ ತನಕ ಕಾಯೋದು ಬೇಡ. ಹದಿನೈದು ದಿನದಲ್ಲಿ ಖಾಲಿ ಮಾಡಿ." ದರ್ಜಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿ ಅವರು ಕಾರು ಹತ್ತಿ ಹೊರಟುಹೋದರು.

ಗಡಿಯಾರದಪ್ಪ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತ. ಹೆಂಡತಿ ಒಳಗೆ ಹೋಗಿ ಪಾತ್ರೆ ಕಟ್ಟತೊಡಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸ್ವಲ್ಪ ಹೊತ್ತಿಗೆ ದರ್ಜಿ ಬಂದು ಪಕ್ಕದಲ್ಲಿ ಕೂತ.

"ಬೇಜಾರು ಮಾಡ್ಕೋಬೇಡಿ ಅಣ್ಣ. ನನಗೂ ಮಕ್ಕಳಿದಾರೆ, ಬಾಯಿ ಬರಲಿಲ್ಲ. ಹೇಗೂ ನನ್ನ ಎರಡು ಕೋಣೆ ಖಾಲಿಯಾಗುತ್ತೆ, ನೀವೇ ಬಂದುಬಿಡಿ. ಬಾಡಿಗೆ ಸ್ವಲ್ಪ ಜಾಸ್ತಿ, ಅಷ್ಟೇ."

ಗಡಿಯಾರದಪ್ಪ ತಲೆಯಿಂದ ಕೈ ತೆಗೆದು ಅವನನ್ನು ನೋಡಿದ.

"ಇನ್ನೊಂದು ವಿಚಾರ," ಎಂದ ದರ್ಜಿ ತಲೆ ಕೆರೆದುಕೊಳ್ಳುತ್ತ. "ಕತ್ತೆ ಸಾಕೋದು ನನಗೆ ಏನು ಗೊತ್ತು? ಹುಲ್ಲು, ಔಷಧಿ, ಗೊರಸು, ಲದ್ದಿ ಬಾಚೋದು, ಇದನ್ನೆಲ್ಲ ಬೆಳಿಗ್ಗೆ ಸಂಜೆ ನೀವೇ ಬಂದು ನೋಡ್ಕೊಂಡ್ರೆ... ನಾಳೆ ಇನ್ನೊಂದೂ ಈ ಹಿತ್ತಲಿಗೇ ಬರುತ್ತಂತೆ."

ದೊರೆ ಬಂದು ಗಡಿಯಾರದಪ್ಪನ ಹೆಗಲ ಮೇಲೆ ಗಲ್ಲವಿಟ್ಟ. ಅವನು ಕಣ್ಣೊರೆಸಿಕೊಂಡು ಆ ಕಿವಿಯ ಬುಡ ತುರಿಸಿದ.

"ಎಷ್ಟು ಗಂಟೆಗೆ ಬರುತ್ತೆ?" ಎಂದು ಕೇಳಿದ.

"ಹತ್ತಕ್ಕೆ," ಎಂದ ದರ್ಜಿ. "ಅಷ್ಟರಲ್ಲಿ ಗಡಿಯಾರ ನಡೆಸಿಡಿ ಅಣ್ಣ, ಇಲ್ದಿದ್ರೆ ಬೀದಿಗೇ ಹೊತ್ತು ಗೊತ್ತಾಗಲ್ಲ. ಆದರೆ ಗಂಟೆ ಮಾತ್ರ ಹೊಡೀದ ಹಾಗೆ ನೋಡ್ಕೊಳ್ಳಿ, ನನ್ನ ಕತ್ತೆ ಹೆದರ್ಕೊಳ್ಳುತ್ತೆ."