ಹಳೇ ಬುಲೆಟ್ಟಿನ ಬೆನ್ನು ಹತ್ತಿ

ಬ್ಯಾರೆಯವರು ಸಂತಿಗೆ ಹೋದ್ರ ಉಳ್ಳಾಗಡ್ಡಿ ತಗೊಂಡು ಸುಮ್ಮನ ಮನೀಗೆ ಬರ್ತಾರ. ನಾ ಹೋದ್ರ ಏನರ ಒಂದು ಫಜೀತಿ ಆಗಬೇಕು, ನಾಕು ಮಂದಿ ನಗಬೇಕು. ನಾ ಇಳಕಲ್ಲಿನ ನೇಕಾರ. ಮಗ್ಗದ ಕುಣ್ಯಾಗ ಕಾಲಿಟ್ಟು ತುಳಿಯೂಮುಂದ ಬಾಯಾಗ "ಡುಗು ಡುಗು" ಅಂತಿದ್ದೆ. ಬಾಜೂಕ ಕುಂತು ನೂಲು ಸುತ್ತೂ ಹೆಣ್ತಿ, "ಗೇರ್ ಬಿತ್ತೇನ್ರಿ?" ಅಂತ ಕಾಡಸಾಕಿ.

ಹದಿನಾರನೇ ವಯಸ್ಸಿನ್ಯಾಗ ನಮ್ಮ ಓಣ್ಯಾಗ ಒಂದು ಬುಲೆಟ್ ಮೋಟರ್‌ಸೈಕಲ್ ಹಾದು ಹೋಗಿತ್ತು. ಅವತ್ತು ಅದರ ಹಿಂದ ಹೋದ ನನ್ನ ಜೀವ ಹೊಳ್ಳಿ ಬಂದಿಲ್ಲ. ಹೊಸಾದು ಕೊಳ್ಳೂ ತಾಕತ್ತಿಲ್ಲ, ಹಳೇದಾದ್ರೂ ಸಾಕು, ನಂದು ಅಂತ ಒಂದು ಬುಲೆಟ್ ಇರಬೇಕು. ಇಷ್ಟ ನನ್ನ ಆಸಿ.

ಆಗ ಡ್ಯಾಮಿನ ಹಿನ್ನೀರು ಬರ್ತೈತಿ ಅಂತ ಹಳೇ ಬಾಗಲಕೋಟಿ ಖಾಲಿ ಆಗಾಕ ಹತ್ತಿತ್ತು. ನವನಗರಕ್ಕ ಹೋಗೋರು ಅಟ್ಟದ ಮ್ಯಾಲಿನ ಸಾಮಾನು, ಹಿತ್ತಲದಾಗಿನ ಹಳೇ ಗಾಡಿ ಎಲ್ಲಾ ಹೊರಗ ತಗದ್ರು. ಒಂದು ಬಯಲಾಗ ಐತವಾರಕ್ಕೊಮ್ಮೆ ಹಳೇ ಮೋಟರ್‌ಸೈಕಲ್ಲಿನ ಸಂತಿನ ಕೂಡಾಕ ಶುರು ಆತು. ನಾ ಒಂದು ಐತವಾರಾನೂ ತಪ್ಪಿಸಲಿಲ್ಲ.

೧. ಟಾವೆಲ್ಲಿನ ಒಳಗ

ಅಲ್ಲಿ ದಲಾಲಿ ಮಾಡಾಂವ ಅಮೀನಗಡದ ಕುರಿ ಸಂತಿಯಾಂವ. ಕುರಿ ವ್ಯಾಪಾರದಾಗ ರೇಟು ಬಾಯಿಲೆ ಹೇಳೂದಿಲ್ಲ. ಕೈಮ್ಯಾಲ ಟಾವೆಲ್ ಮುಚ್ಚಿ, ಒಳಗ ಬೆರಳು ಹಿಡೀತಾರ. ಎಷ್ಟು ಬೆರಳೋ ಅಷ್ಟು ನೂರು, ದೊಡ್ಡ ಮಾಲಾದ್ರ ಅಷ್ಟು ಸಾವಿರ. ನೇಕಾರಗೇನು ಗೊತ್ತು ಕುರಿ ವ್ಯಾಪಾರ?

ಒಂದು ಕರೇ ಬುಲೆಟ್ ಮುಂದ ಬಾಯಿ ತಗದು ನಿಂತಿದ್ದೆ. ಆಂವ ಬಂದು, ಟಾವೆಲ್ ಮುಚ್ಚಿ, ನನ್ನ ಮೂರು ಬೆರಳು ಹಿಡದ. ಅಬಾಬಾ, ಎಷ್ಟು ಪ್ರೀತಿ ಮನಷ್ಯಾ ಅಂತ ನಾ ಅವನ ಐದೂ ಬೆರಳು ಗಟ್ಟಿಗೆ ಹಿಡದು ಅಲುಗಾಡಿಸಿದೆ. ಆಂವ ಮಾಲಕನ ಕಡೆ ತಿರುಗಿ, "ನೀವು ಹೇಳಿದ್ದಕ್ಕಿಂತ ಎರಡು ಸಾವಿರ ಹೆಚ್ಚಿಗಿ ಕೊಡ್ತಾರಂತ್ರಿ!" ಅಂದ.

"ಇಲ್ರೀ, ನಾ ನಮಸ್ಕಾರ ಮಾಡಿದೆ!" ಅಂತ ಒದರಿದೆ.

ಮಾಲಕ ನಕ್ಕು, "ಹಿಂತಾ ನಮಸ್ಕಾರ ಇನ್ನೊಂದು ಹತ್ತು ಮಾಡ್ರಿ, ನವನಗರದಾಗ ನನ್ನ ಮನಿ ಕಟ್ಟಿ ಮುಗೀತೈತಿ" ಅಂದ.

೨. ನನ್ನ ಸೀಟು

ಅಷ್ಟು ರೊಕ್ಕಾ ನನ್ನ ಕಡೆ ಇರಲಿಲ್ಲ, ಆ ಗಾಡಿ ಬ್ಯಾರೆಯವರ ಪಾಲಾತು. ಪೂರಾ ಗಾಡಿ ಸಿಗಲಿಲ್ಲಂದ್ರ ಬಿಡಿ ಸಾಮಾನಾದ್ರೂ ಕೂಡಸೂಣು ಅಂತ, ಗೋಣಿತಟ್ಟಿನ ಮ್ಯಾಲ ಹರವಿದ್ದರಾಗ ಆರಿಸಿ, ಬುಲೆಟ್ಟಿನ ಒಂದು ಸೀಟು ತಗೊಂಡೆ. ಸ್ಪ್ರಿಂಗ್ ಚಲೋ ಇದ್ದವು. ಅದನ್ನ ಹೊತಗೊಂಡು ಇಳಕಲ್ಲ ಬಸ್ ಹತ್ತಿದೆ.

ಬಸ್ ತುಂಬಿತ್ತು. ಡ್ರೈವರನ ಹಿಂದ ನನ್ನ ಸೀಟು ಇಟ್ಟು ಅದರ ಮ್ಯಾಲ ಆರಾಮ ಕುಂತೆ. ಅಮೀನಗಡದಾಗ ಒಬ್ಬಾಕಿ ಮುದುಕಿ ಹತ್ತಿ ನನ್ನ ಮುಂದ ಬಂದು ನಿಂತಳು.

"ಏ ತಮ್ಮಾ, ವಯಸ್ಸಾದವ್ರು ನಿಂತೇವಿ, ಕಾಣೂದಿಲ್ಲೇನು?"

"ಆಯೀ, ಇದು ನನ್ನ ಸೀಟು."

"ಎಲ್ಲಾರೂ ಹಂಗ ಅಂತಾರ. ಏಳು!"

ಕಂಡಕ್ಟರ್ ಸೈತ, "ಏಳ್ರಿ, ಮುಂದಿನ ಜಾಗಾ ಹೆಂಗಸರದು" ಅಂದ. ರೊಕ್ಕಾ ಕೊಟ್ಟು ತಂದ ಸೀಟು ಬಿಟ್ಟುಕೊಟ್ಟು ಹುನಗುಂದ ತನಕಾ ನಿಂತೆ. ಮುದುಕಿ ಇಳಿಯೂಮುಂದ ಸೀಟು ತಟ್ಟಿ, "ಈಗೀಗ ಬಸ್ಸಿನ್ಯಾಗ ಸೀಟು ಭಾಳ ಚಲೋ ಮಾಡ್ಯಾರ ನೋಡು" ಅಂದಳು.

೩. ಕಂತು

ನಾಕು ವರ್ಷದಾಗ ನಮ್ಮ ಮನ್ಯಾಗ ಒಂದು ಸೀಟು, ಒಂದು ಹೆಡ್‌ಲೈಟು, ಎರಡು ಸೈಲೆನ್ಸರ್ ಆದ್ವು. ಅಡಗಿಮನಿಗೆ ಹೋಗಬೇಕಂದ್ರ ಹೆಣ್ತಿ ಸೈಲೆನ್ಸರ್ ದಾಟಿ ಹೋಗಬೇಕು. ಒಂದಿನ ಬಾಜೂ ಮನಿಯಾಕಿ ಕೇಳಿದಳು, "ನಿಮ್ಮನಿಯವ್ರು ಬುಲೆಟ್ ತಗೊಂಡಾರಂತ?"

"ಹೂಂರಿ, ಕಂತಿನ ಮ್ಯಾಲ. ವರ್ಷಕ್ಕೊಂದು ತುಂಡು ಬರ್ತೈತಿ. ನಮ್ಮ ಮೊಮ್ಮಕ್ಕಳು ಹತ್ತತಾರ."

ಮಗ್ಗದ ಕುಣ್ಯಾಗ ಕುಂತು ನಾನೂ ನಕ್ಕೆ.

೪. ಕೀಲಿ

ಕಡೀಕ ನಮ್ಮೂರ ಗ್ಯಾರೇಜಿನ ಚಾಚಾ ಸುದ್ದಿ ತಂದ. ಬೇವೂರಾಗ ಒಬ್ಬ ರೈತ ಕಾಕಾ ತನ್ನ ಬುಲೆಟ್ ಮಾರತಾನಂತ. ಇಬ್ಬರೂ ಓಡಿದ್ವಿ. ಬೇವಿನ ಗಿಡದ ಬುಡಕ ಗಾಡಿ ನಿಂತಿತ್ತು, ಮೈ ತೊಳದ ಎತ್ತಿನಂಗ. ಮಾತು ಮುಗೀತು, ರೊಕ್ಕಾ ಕೊಟ್ಟೆ.

"ಕಾಕಾ, ಕೀಲಿ?"

"ಕೀಲಿ ಕೊಡೂದಿಲ್ಲ."

"ಯಾಕ್ರಿ?"

"ಎತ್ತು ಮಾರಿದ್ರ ಹಗ್ಗಾ ಕೊಡ್ತೇವೇನು? ಹಗ್ಗದ ಜೋಡಿ ಮನೀ ಲಕ್ಷ್ಮಿ ಹೋಗಿಬಿಡ್ತಾಳ. ಮೂವತ್ತು ವರ್ಷ ಈ ಕೀಲಿ ಉಡದಾರಕ್ಕ ಕಟಗೊಂಡೇನಿ. ಹೆತ್ತ ಮಗಗೂ ಕೊಟ್ಟಿಲ್ಲ."

ಚಾಚಾ ತಲಿ ಕೆರಕೊಂಡ. ಬಾಗಲದಾಗ ನಿಂತಿದ್ದ ಕಾಕಾನ ಹೆಣ್ತಿ, ಕಾಕಿ, ಸುಮ್ಮನ ಬಂದು, ತುರುಬಿನ್ಯಾಗಿನ ಹೇರ್‌ಪಿನ್ ತಗದು, "ಇದನ್ನ ತೂರಿಸಿ ಒಂದೀಟು ತಿರುವ್ರಿ" ಅಂದಳು. ಚಾಚಾ ತಿರುವಿ ಕಿಕ್ ಹೊಡದ. ಡುಗು ಡುಗು ಡುಗು!

ಕಾಕಾನ ಬಾಯಿ ತಗದದ್ದು ತಗದಂಗ ಉಳೀತು. "ನಿನಗ್ಹೆಂಗ ಗೊತ್ತಲೇ?"

"ನಿಮ್ಮ ಮಗಾ ಹಿಂಗ ಚಾಲೂ ಮಾಡ್ತಿದ್ದ. ನೀವು ಹೊಲಕ್ಕ ಹೋದಾಗ ನನ್ನನ್ನ ಹಿಂದ ಕುಂಡ್ರಿಸಿಕೊಂಡು ಕೆರಿ ತನಕಾ ಹೋಗಿ ಬರ್ತಿದ್ದ. ನೀವು ಒಂದಿನರ ಕರಕೊಂಡು ಹೋದ್ರೇನು? ಹೆಂಗಸರು ಕುಂತ್ರ ಮಂದಿ ನಗ್ತಾರ ಅಂತಿದ್ರಿ. ನನಗೂ ಆಸಿ ಇರೂದಿಲ್ಲೇನ್ರಿ?"

ಕಾಕಾ ಟಾವೆಲ್ಲಿಲೆ ಹಿಂದಿನ ಸೀಟು ಒರಸಿದ. ಆಮ್ಯಾಲ ನನ್ನ ಕಡೆ ತಿರುಗಿ, "ತಮ್ಮಾ, ಇಕೀನ್ನ ಕುಂಡ್ರಿಸಿಕೊಂಡು ಒಂದು ಸುತ್ತು ಹೋಗಿ ಬರ್ಲ್ಯಾ?" ಅಂದ. ಹೆಂಗ ಬ್ಯಾಡ ಅನ್ಲಿ? ಇಪ್ಪತ್ತು ವರ್ಷ ಕಾದಾಂವಗ ಹತ್ತು ನಿಮಿಷ ಏನು ಮಹಾ! ಕಾಕಿ ಸೆರಗು ಹೊತಗೊಂಡು ಕುಂತಳು, ಹ್ವಾದ್ರು.

ಹತ್ತು ನಿಮಿಷ ಆತು. ತಾಸಾತು. ಎರಡು ತಾಸಾತು. "ರೊಕ್ಕಾನೂ ಹೋತು, ಗಾಡೀನೂ ಹೋತು" ಅಂತ ಚಾಚಾ ಹಣಿ ಬಡಕೊಂಡ. ಸಂಜಿಮುಂದ ಡುಗು ಡುಗು ಕೇಳಿಸ್ತು. ಕಾಕಿ ಕೈಯಾಗ ಅಮೀನಗಡದ ಕರದಂಟಿನ ಪುಡಿಕಿ. ಮಾರಿ ಮ್ಯಾಲ ನಗಿ ನಿಲ್ಲವಲ್ದು. ಕಾಕಾ ಗಾಡಿ ಬಿಟ್ಟು ಇಳೀಲೇ ಇಲ್ಲ. ಹ್ಯಾಂಡಲ್ ಹಿಡದು ಕುಂತಲ್ಲೇ, "ತಮ್ಮಾ, ತಪ್ಪು ತಿಳಕೋಬ್ಯಾಡ. ನಾ ಮಾರೂದಿಲ್ಲ" ಅಂತ ನನ್ನ ರೊಕ್ಕಾ ಹೊಳ್ಳಿ ಕೊಟ್ಟ.

ನನಗ ಅಳು ಬಂತು. ನಾಚಿಕಿ ಬಿಟ್ಟು ಹೇಳ್ತೇನಿ, ಖರೇನ ಅತ್ತೆ. ಕಾಕಿ ನನ್ನ ಬೆನ್ನು ಸವರಿ, ಬಾಯಾಗ ಒಂದು ತುಂಡು ಕರದಂಟು ಇಟ್ಟಳು. ಕಾಕಾಗೂ ಪಾಪ ಅನಿಸಿರಬೇಕು. ಅಂಗಿ ಎತ್ತಿ, ಉಡದಾರದಾಗಿನ ಕೀಲಿ ಬಿಚ್ಚಿ ನನ್ನ ಅಂಗೈಯಾಗ ಇಟ್ಟ.

"ಇದನ್ನರ ಇಟಗೋ ತಮ್ಮಾ. ನಮಗಿನ್ನ ಹೇರ್‌ಪಿನ್ ಸಾಕು."