ನನ್ನ ವಹಿಯ ಏಳನೇ ಖಾನೆ

ಮನೆಯಲ್ಲಿ ಒಬ್ಬ ಗೋಲ್‌ಕೀಪರ್ ಇದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ಹೆಚ್ಚಿನ ಮನೆಗಳಲ್ಲಿ ಬರೆದಿಡುವವರು ಇರುವುದಿಲ್ಲ, ಅಷ್ಟೇ. ನಮ್ಮ ಮನೆಯಲ್ಲಿ ನಾನಿದ್ದೇನೆ.

ನಾನು ಕಾರವಾರದ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವಳು. ಅಂಕೋಲೆಯ ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಂಗಸು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ನಿವೃತ್ತಿಯಾದ ಮೇಲೂ ಊರು ನನ್ನನ್ನು ‘ಅಕ್ಕೋರೆ’ ಎಂದೇ ಕರೆಯುತ್ತದೆ. ಹಾಜರಿ ಪುಸ್ತಕವನ್ನು ಶಾಲೆಗೆ ಒಪ್ಪಿಸಿ ಬಂದರೂ ಖಾನೆ ಎಳೆಯುವ ಚಟ ಕೈಯಲ್ಲಿ ಉಳಿಯಿತು. ಉಪ್ಪಿನಕಾಯಿ ಹಾಕಿದ ದಿನ, ಎಮ್ಮೆ ಕರು ಹಾಕಿದ ದಿನ, ನಾದಿನಿ ನನ್ನ ಜೊತೆ ಮಾತು ಬಿಟ್ಟ ದಿನ, ಎಲ್ಲಕ್ಕೂ ನನ್ನಲ್ಲಿ ದಾಖಲೆಯಿದೆ.

ಮಗ ಗೋವಾದ ಕೆಳಗಿನ ಲೀಗಿನ ಒಂದು ಕ್ಲಬ್ಬಿಗೆ ಗೋಲ್‌ಕೀಪರ್ ಎಂದು ಸಹಿ ಹಾಕಿದ ದಿನ ನಾನೊಂದು ಉದ್ದನೆಯ ವಹಿ ತಂದು ಏಳು ಖಾನೆ ಎಳೆದೆ. ತಾರೀಖು, ಎದುರಾಳಿ, ಫಲಿತಾಂಶ, ಆಡಿದ ನಿಮಿಷ, ಬಿಟ್ಟುಕೊಟ್ಟ ಗೋಲು, ಎದುರಿಸಿದ ಪೆನಾಲ್ಟಿ, ತಡೆದ ಪೆನಾಲ್ಟಿ. ಆರು ಖಾನೆಗಳು ತುಂಬುತ್ತ ಬಂದವು. ಏಳನೆಯದರಲ್ಲಿ ಹನ್ನೊಂದು ವರ್ಷ ಸೊನ್ನೆ. ಇಪ್ಪತ್ತಮೂರು ಪೆನಾಲ್ಟಿ, ಇಪ್ಪತ್ತಮೂರೂ ಒಳಗೆ. ಪ್ರತಿ ಸಲವೂ ಅವನು ಒಂದು ಬದಿಗೆ ಹಾರಿದ, ಚೆಂಡು ಇನ್ನೊಂದು ಬದಿಗೆ ಹೋಯಿತು. ಕಣ್ಣು ಮುಚ್ಚಿಕೊಂಡು ಹಾರಿದರೂ ಅರ್ಧದಷ್ಟು ಸಲ ಸರಿಯಾಗಬೇಕು ಎನ್ನುತ್ತದೆ ಗಣಿತ. ನನ್ನ ಹೊಟ್ಟೆಯಲ್ಲಿ ಹುಟ್ಟಿ ನನ್ನ ವಿಷಯಕ್ಕೇ ಮರ್ಯಾದೆ ಕೊಡಲಿಲ್ಲ.

ಆ ಖಾನೆಯಲ್ಲಿ ಒಂದಾದರೂ ಬಾರದೆ ಅವನು ಬೂಟು ಬಿಚ್ಚಿಡಬಾರದು ಎಂಬುದು ನನ್ನ ಹಟ. ಅವನ ಒಪ್ಪಂದವೋ, ವರ್ಷ ವರ್ಷಕ್ಕೆ ಮುಗಿಯುವಂಥದ್ದು.

ಹುಡುಗನಿಗೆ ಎಂತ ಕೆಲಸ?

ಮಗನಿಗೆ ಹುಡುಗಿ ನೋಡಲು ಬಾಳೆಗುಳಿಗೆ ಹೋಗಿದ್ದೆವು. ಹುಡುಗಿ ಒಳ್ಳೆಯವಳು, ಬಿ.ಕಾಂ., ಮುಖ ನೋಡಿ ಮಾತಾಡುತ್ತಾಳೆ. ಅವಳ ಅಪ್ಪ, ಅಮ್ಮ ಎಲ್ಲರೂ ಒಪ್ಪಿದಂತಿತ್ತು. ಆದರೆ ತೀರ್ಪು ಹೇಳಬೇಕಾದವರು ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜ. ಅವರು ಕಾರವಾರದ ಒಂದು ಕಚೇರಿಯಲ್ಲಿ ಸಾಹೇಬರ ಬಾಗಿಲ ಹೊರಗೆ ನಿಂತೇ ನೌಕರಿ ಮುಗಿಸಿದವರು.

“ಹುಡುಗನಿಗೆ ಎಂತ ಕೆಲಸ, ಅಕ್ಕೋರೆ?”

“ಫುಟ್‌ಬಾಲ್ ಆಡುತ್ತಾನೆ.”

“ಅದು ಸಂಜಿಗೆ. ಹಗಲಿಗೆ?”

“ಹಗಲಿಗೂ ಅದೇ. ಅದಕ್ಕೇ ಸಂಬಳ.”

ಅಜ್ಜ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. “ಎಷ್ಟು ಗೋಲು ಹೊಡ್ದ?”

“ಹೊಡೆಯುವವನಲ್ಲ, ತಡೆಯುವವನು.”

“ಹಾಗಾರೆ ಎಷ್ಟು ತಡ್ದ?”

ಸುಳ್ಳು ಹೇಳಿ ಸಂಬಂಧ ಬೆಳೆಸುವ ಪದ್ಧತಿ ನಮ್ಮಲ್ಲಿಲ್ಲ. ಚೀಲದಿಂದ ವಹಿ ತೆಗೆದೆ. ಆ ವರ್ಷ ಅವನು ಎರಡನೇ ಗೋಲ್‌ಕೀಪರ್. ಮೊದಲನೆಯವನಿಗೆ ಪೆಟ್ಟಾದರೆ ಮಾತ್ರ ಇವನಿಗೆ ಆಟ. ಮೊದಲನೆಯವನು ಗಟ್ಟಿ ಆಸಾಮಿ, ನೆಗಡಿ ಕೂಡ ಆಗಲಿಲ್ಲ. “ಹದಿನೆಂಟು ಪಂದ್ಯ, ಆಡಿದ ನಿಮಿಷ ಸೊನ್ನೆ” ಎಂದು ಓದಿದೆ. ನನ್ನ ಮಗ ನೆಲ ನೋಡುತ್ತಿದ್ದ.

“ಹಾಗಾರೆ ಅಲ್ಲಿ ಹೋಗಿ ಎಂತ ಮಾಡ್ತ?”

“ಬೆಂಚಿನ ಮೇಲೆ ಕೂತಿರುತ್ತಾನೆ.”

“ಸಂಬಳ ಪೂರ್ತಿ ಕೊಡ್ತ್ರಾ?”

“ಪೂರ್ತಿ.”

ಅಜ್ಜನ ಮುಖ ಅರಳಿತು. ಹುಡುಗಿಯ ಅಪ್ಪನ ಕಡೆ ತಿರುಗಿ ಹೇಳಿದರು, “ನೋಡು, ಕೂತು ಮಾಡೂ ಕೆಲಸ! ಇಂಥ ಹುಡುಗನಿಗೆ ಕೊಡದೆ ಮತ್ತೆ ಯಾರಿಗೆ ಕೊಡ್ತೆ?”

ನೇರ ಪ್ರಸಾರ

ಮದುವೆಯಾದ ಮರುವರ್ಷ ಮೊದಲ ಗೋಲ್‌ಕೀಪರನ ಮೊಣಕಾಲು ಕೈಕೊಟ್ಟಿತು, ನನ್ನ ಮಗನಿಗೆ ಆಟ ಸಿಕ್ಕಿತು. ಅದೇ ವಾರ ಕ್ಲಬ್ಬಿನವರು ಪಂದ್ಯವನ್ನು ಫೋನಿನಲ್ಲಿ ನೇರ ತೋರಿಸುತ್ತೇವೆ ಎಂದರು. ಸೊಸೆ ಫೋನನ್ನು ಟಿ.ವಿ.ಗೆ ಜೋಡಿಸಿದಳು. ನಾದಿನಿ ಇಡೀ ಕೇರಿಗೆ ಹೇಳಿ ಬಂದಳು. ಹದಿನೇಳು ಜನ ಬಂದರು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಮುಂದಿನ ಕುರ್ಚಿಯಲ್ಲೇ ಕೂತರು.

ಅವತ್ತು ನಮ್ಮ ತಂಡ ಎಂದೂ ಆಡದಷ್ಟು ಚೆನ್ನಾಗಿ ಆಡಿತು. ಚೆಂಡು ಎದುರಾಳಿಯ ಗೋಲಿನ ಹತ್ತಿರವೇ ಇತ್ತು. ಮೈದಾನದಲ್ಲಿ ಇದ್ದದ್ದು ಒಂದೇ ಕ್ಯಾಮೆರಾ, ಅದು ಚೆಂಡಿನ ಹಿಂದೆಯೇ ಹೋಗುತ್ತಿತ್ತು. ನನ್ನ ಮಗ ಕಾಣಲೇ ಇಲ್ಲ. ಅರವತ್ತೊಂದನೇ ನಿಮಿಷದಲ್ಲಿ ಕ್ಯಾಮೆರಾದವನು ಬೇಸರದಿಂದಲೋ ಏನೋ ಒಮ್ಮೆ ಈ ಕಡೆ ತಿರುಗಿಸಿದ. ಮಗ ಬೆನ್ನು ತಿರುಗಿಸಿ ಕೂತು ಬೂಟಿನ ದಾರ ಕಟ್ಟುತ್ತಿದ್ದ. ನಾಲ್ಕು ಸೆಕೆಂಡು. ನಾದಿನಿ ಟಿ.ವಿ.ಯ ಫೋಟೋ ತೆಗೆದು ಕಟ್ಟು ಹಾಕಿಸಿದಳು. ಈಗಲೂ ನಮ್ಮ ಜಗುಲಿಯಲ್ಲಿ ಇದೆ. ಹೊಸಬರು ಬಂದರೆ “ಯಾರಿದು?” ಎನ್ನುತ್ತಾರೆ.

ಮೂರು–ಸೊನ್ನೆಯಿಂದ ಗೆದ್ದೆವು. ಪೋಸ್ಟ್‌ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟು ಎದ್ದರು. “ಆಟ ಬಹಳ ಚೊಲೋ ಇತ್ತು, ಅಕ್ಕೋರೆ. ನಿಮ್ಮ ಮಗಂದು ಯಾವತ್ತು?”

ಏಡಿ

ಮಂಜಗುಣಿಯಿಂದ ಬರುವ ಮೀನಿನವಳು ಒಂದು ಶುಕ್ರವಾರ ಜೀವಂತ ಏಡಿ ತಂದಳು. ದೊಡ್ಡವು, ಇಕ್ಕಳದಂಥ ಕೊಂಬು ಎತ್ತಿಕೊಂಡು ಜಗಳಕ್ಕೆ ನಿಂತಂಥವು. ರಜೆಗೆ ಬಂದಿದ್ದ ಮಗ ಒಳಗೆ ಮಲಗಿದ್ದ. ಅವನ ಗೋಲ್‌ಕೀಪರ್ ಗ್ಲೌಸು ಹೊರಗೆ ತಂತಿಯ ಮೇಲೆ ಒಣಗುತ್ತಿತ್ತು. ನಾದಿನಿ ಅದನ್ನು ಹಾಕಿಕೊಂಡು ಹತ್ತೂ ಏಡಿಯನ್ನು ಹಿಡಿದು ಮುರಿದು ತೊಳೆದಳು. ಒಂದೂ ಕಚ್ಚಲಿಲ್ಲ. ಗ್ಲೌಸನ್ನು ಮೊದಲಿನ ಹಾಗೆಯೇ ತಂತಿಯ ಮೇಲೆ ಹಾಕಿದಳು.

ನಾನು ಕೇಳಿದೆ, “ತೊಳೆದೆಯಾ?”

“ಏಡಿಯನ್ನಾ? ಮೂರು ನೀರಲ್ಲಿ ತೊಳ್ದೆ ಅತ್ತಿಗೆ.”

ಭಾನುವಾರ ಪಂದ್ಯ. ಬಿಸಿಲು ಏರಿದಂತೆ ಗ್ಲೌಸು ತನ್ನ ಕಥೆ ಹೇಳತೊಡಗಿತು. ಮೊದಲು ಎರಡು ಬೆಕ್ಕು ಬಂದು ಗೋಲಿನ ಬಲೆಯ ಹಿಂದೆ ಕೂತವು. ಆಮೇಲೆ ನಾಲ್ಕು ನಾಯಿ. ಕಾರ್ನರ್ ಕಿಕ್ ಬಂದಾಗ ಎದುರಾಳಿಗಳು ಎಂದಿನಂತೆ ಗೋಲ್‌ಕೀಪರನ ಮೈಮೇಲೆ ಬೀಳುವ ಬದಲು ಮಾರು ದೂರ ನಿಂತರು. ಅವರ ಮುಖ್ಯ ಆಟಗಾರನಂತೂ ಇಡೀ ದ್ವಿತೀಯಾರ್ಧ ಈ ಕಡೆ ಬರಲೇ ಇಲ್ಲ. ಐದನೇ ಖಾನೆಯಲ್ಲಿ ಸೊನ್ನೆ ಬರೆದೆ. ಆ ಖಾನೆಗೆ ಸೊನ್ನೆ ಬಂದರೆ ಸಂತೋಷ.

ಮುಂದಿನ ಗುರುವಾರ, ಮಗ ಮತ್ತೆ ಮನೆಗೆ ಬಂದಿದ್ದಾಗ, ಕೋಚ್ ಫೋನ್ ಮಾಡಿದರು. ಮಗನನ್ನು ಕರೆಯಲೇ ಎಂದೆ.

“ಬೇಡ ಮೇಡಂ. ನಿಮ್ಮ ಹತ್ತಿರವೇ ಕೆಲಸ. ನಾಳೆ ಯಾವ ಮೀನು ತರ್ತೀರಿ?”

ಸಮಸಂಖ್ಯೆ

ಇಪ್ಪತ್ತೆರಡು ಪೆನಾಲ್ಟಿ ಒಳಗೆ ಹೋದ ಮೇಲೆ ಅದೇ ಕೋಚ್ ನನ್ನ ವಹಿಯ ಆ ಪುಟಗಳ ಫೋಟೋ ತರಿಸಿಕೊಂಡರು. ಎರಡು ದಿನ ಅಭ್ಯಾಸ ಮಾಡಿ ಹೇಳಿದರು, “ಮೇಡಂ, ಇದರ ಪ್ರಕಾರ ಇರೋದು ಒಂದೇ ದಾರಿ. ಅವನಿಗೆ ಯಾವ ಬದಿಗೆ ಹಾರಬೇಕು ಅನಿಸ್ತದೋ, ಅದನ್ನು ಬಿಟ್ಟು ಇನ್ನೊಂದು ಬದಿಗೆ ಹಾರಲಿ.”

ತರ್ಕದಲ್ಲಿ ತಪ್ಪಿರಲಿಲ್ಲ. ಮುಂದಿನ ಪಂದ್ಯದಲ್ಲೇ ಪೆನಾಲ್ಟಿ ಬಂತು. ಮಗ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಯಿತು. ಇಪ್ಪತ್ತಮೂರು.

ಕೋಚ್ ಸಂಜೆ ಫೋನ್ ಮಾಡಿದರು. ಧ್ವನಿ ಸೋತಿತ್ತು. “ಮೊದಲು ಎಡ ಅನಿಸಿತಂತೆ ಮೇಡಂ. ನಾನು ಹೇಳಿದ್ದು ನೆನಪಾಗಿ ಬಲ ಅಂದುಕೊಂಡನಂತೆ. ಆಮೇಲೆ ಈಗ ಅನಿಸ್ತಿರೋದೇ ಬಲ ಅಲ್ವಾ ಅಂತ ಎಡಕ್ಕೆ ತಿರುಗಿದನಂತೆ. ಮತ್ತೆ ಬಲ, ಮತ್ತೆ ಎಡ.”

“ಒಟ್ಟು ಎಷ್ಟು ಸಲ ಮನಸ್ಸು ಬದಲಾಯಿಸಿದ?”

“ನಾಲ್ಕು.”

“ಸಮಸಂಖ್ಯೆ. ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಬೆಸಸಂಖ್ಯೆಯಲ್ಲಿ ನಿಲ್ಲಿಸಲು ಹೇಳಿ” ಎಂದೆ. ಅವರು ಕಾಗದ ಹುಡುಕಿದ ಸದ್ದು ಕೇಳಿಸಿತು. ಬರೆದುಕೊಳ್ಳುತ್ತಿದ್ದರು.

ಅವನ ಎಡಗೈ ಬದಿಗೆ

ಇದು ಈ ವರ್ಷದ್ದು. ಹಂಗಾಮಿನ ಕೊನೆಯ ಪಂದ್ಯ. ಡ್ರಾ ಆದರೂ ನಮ್ಮ ತಂಡ ಲೀಗಿನಲ್ಲಿ ಉಳಿಯುತ್ತದೆ, ಮಗನಿಗೆ ಇನ್ನೊಂದು ವರ್ಷದ ಒಪ್ಪಂದ. ಸೋತರೆ ತಂಡ ಕೆಳಗೆ, ಎಲ್ಲರೂ ಮನೆಗೆ. ವಹಿಯಲ್ಲಿ ಉಳಿದದ್ದು ಒಂದು ಸಾಲು. ಏಳನೇ ಖಾನೆ ಸೊನ್ನೆಯಲ್ಲೇ ಮುಚ್ಚುತ್ತದೋ ಎಂದು ನಾನು, ಸೊಸೆ, ನಾದಿನಿ ಮೂವರೂ ಹೋದೆವು.

ಎದುರು ತಂಡದಲ್ಲಿ ಪೆನಾಲ್ಟಿ ಹೊಡೆಯುವವನು ಕಾರವಾರದ ಮೀನುಗಾರರ ಮನೆಯವನು. ಹಿಂದೆ ಎರಡು ವರ್ಷ ಅವನೂ ನನ್ನ ಮಗನ ಕ್ಲಬ್ಬಿನಲ್ಲೇ ಇದ್ದ. ರಜೆಗೆ ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದರು. ಕಾರವಾರದಲ್ಲಿ ಇಳಿಯಬೇಕಾದವನು ತನ್ನ ಮನೆ ದಾಟಿ ಅಂಕೋಲೆಯವರೆಗೆ ಬಂದು, ನಮ್ಮಲ್ಲಿ ಉಂಡು, ಮತ್ತೆ ವಾಪಸು ಕಾರವಾರಕ್ಕೆ ಹೋಗುತ್ತಿದ್ದ. ನನ್ನನ್ನು ‘ಮಾವ್ಶಿ’, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ. ಮೀನುಗಾರರ ಮಗ ನಮ್ಮ ಮನೆಯ ಏಡಿ ಸಾರು ಹೊಗಳುತ್ತಿದ್ದ. ಅದನ್ನೂ ಬರೆದಿಟ್ಟಿದ್ದೇನೆ.

ಪಂದ್ಯಕ್ಕೆ ಮೊದಲು ಅವನು ನಾವು ಕೂತಲ್ಲಿಗೇ ಬಂದು ಕಾಲಿಗೆ ಬಿದ್ದ. “ಮಾವ್ಶಿ, ಆಶೀರ್ವಾದ ಮಾಡಿ.”

ಕಾಲಿಗೆ ಬಿದ್ದವರನ್ನು ಯಾವ ತಂಡ ಎಂದು ಕೇಳಿ ಹರಸುವ ಪದ್ಧತಿ ನಮ್ಮಲ್ಲಿಲ್ಲ. “ಯಶಸ್ವಿಯಾಗು” ಎಂದುಬಿಟ್ಟೆ.

ಸೊಸೆ ನನ್ನ ಸೆರಗು ಜಗ್ಗಿದಳು. “ಅತ್ತೆ! ಇವ ಯಶಸ್ವಿಯಾದ್ರೆ ನಮ್ಮ ಕೆಲಸ ಹೋಗ್ತದೆ.”

ಕೊಟ್ಟ ಆಶೀರ್ವಾದ ಹಿಂದೆ ತೆಗೆದುಕೊಳ್ಳಲು ಬರುವುದಿಲ್ಲ. ತಿದ್ದಲು ಬರುತ್ತದೆ. “ಸಂಸಾರದಲ್ಲಿ” ಎಂದು ಸೇರಿಸಿದೆ.

ಅವನು ಏಳುವಷ್ಟರಲ್ಲಿ ವಹಿ ತೆರೆದೆ. “ಈ ಪಂದ್ಯದ ಸಾಲು ಖಾಲಿ ಇದೆಯೋ. ಇವತ್ತು ಪೆನಾಲ್ಟಿ ಸಿಕ್ಕರೆ ಯಾವ ಬದಿಗೆ ಹೊಡೀತೀ?”

“ಮಾವ್ಶಿ, ಬೇರೆ ಎಂತಾದ್ರೂ ಕೇಳಿ.”

“ಬೇರೆ ಎಂತದೂ ಬೇಡ.”

ಅವನ ಹಣೆಯಲ್ಲಿ ಬೆವರು ಮೂಡಿತು. ಅತ್ತ ತಂಡ, ಇತ್ತ ಎರಡು ವರ್ಷದ ಊಟ. ಕೊನೆಗೆ ಹೇಳಿದ, “ನಿಮ್ಮ ಹತ್ರ ಸುಳ್ಳು ಹೇಳಿದ್ರೆ ಉಂಡದ್ದು ಮೈಗೆ ಹತ್ತೂದಿಲ್ಲ. ಅವನ ಎಡಗೈ ಬದಿಗೆ.” ಹೇಳಿ ಓಡಿದ. ನಾನು ಬರೆದುಕೊಂಡೆ.

ಬೇಲಿಯ ಹತ್ತಿರ ಹೋಗಿ ಮಗನಿಗೆ ತಿಳಿಸಿದೆ. ಅವನು ನಕ್ಕ. “ಅಮ್ಮಾ, ಯಾರಾದ್ರೂ ನಿಜ ಹೇಳ್ತಾರಾ?”

“ನಮ್ಮ ಮನೆಯಲ್ಲಿ ಉಂಡವರು ಹೇಳುತ್ತಾರೆ.”

ಒಂದು–ಒಂದು. ಇನ್ನು ಎರಡೇ ನಿಮಿಷ. ನಮ್ಮ ಹುಡುಗನೊಬ್ಬನ ಕೈಗೆ ಚೆಂಡು ತಾಗಿತು, ರೆಫರಿ ಸೀಟಿ ಊದಿದರು. ಪೆನಾಲ್ಟಿ. ಸೊಸೆ ಕಣ್ಣು ಮುಚ್ಚಿಕೊಂಡಳು. ನಾದಿನಿ ದೇವರಿಗೆ ಹಣ್ಣುಕಾಯಿ ಹೇಳಿಕೊಂಡಳು, ಆಮೇಲೆ ಭಯವಾಗಿ ಅದನ್ನು ಎರಡು ಮಾಡಿದಳು. ನಾನು ಎದ್ದು ನಿಂತು, ಹಿಂದಿನ ಬೆಂಚಿಗೆ ಕೇಳುವಂತೆ ಮೂವತ್ತು ವರ್ಷ ಪಾಠ ಮಾಡಿದ ಧ್ವನಿಯಲ್ಲಿ ಕೂಗಿದೆ, “ಎಡಕ್ಕೇ!”

ಇಡೀ ಮೈದಾನಕ್ಕೆ ಕೇಳಿಸಿತು. ಚೆಂಡು ಇಡುತ್ತಿದ್ದವನಿಗೂ ಕೇಳಿಸಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ನಾನು ಪೆನ್ನಿನ ಮುಚ್ಚಳ ತೆಗೆದೆ.

ಅವನು ಓಡಿ ಬಂದ. ನನ್ನ ಮಗ ಎಡಕ್ಕೂ ಹಾರಲಿಲ್ಲ, ಬಲಕ್ಕೂ ಹಾರಲಿಲ್ಲ, ಕಂಬದಂತೆ ನಿಂತಿದ್ದ. ಚೆಂಡು ನೇರ ಮಧ್ಯಕ್ಕೆ ಬಂದು ಅವನ ಹೊಟ್ಟೆಗೆ ಬಡಿದು, ಪುಟಿದು, ಗೆರೆಯ ಹೊರಗೆ ಹೋಯಿತು. ಆಮೇಲೆ ಅವನು ಬಿದ್ದ.

ಪಂದ್ಯ ಡ್ರಾ. ತಂಡ ಉಳಿಯಿತು. ಇನ್ನೊಂದು ವರ್ಷದ ಒಪ್ಪಂದ, ಅದೂ ಮೊದಲ ಗೋಲ್‌ಕೀಪರ್ ಎಂದು.

ಕಾರವಾರದ ಹುಡುಗ ಬೆವರು ಒರೆಸಿಕೊಳ್ಳುತ್ತ ಬಂದ. “ಎಡಕ್ಕೆ ಹೊಡೆದ್ರೆ ಅವ ಹಿಡೀತ. ಬಲಕ್ಕೆ ಹೊಡೆದ್ರೆ ನಿಮಗೆ ಸುಳ್ಳು ಹೇಳ್ದ ಹಾಗೆ. ಮಧ್ಯ ಅಂದ್ರೆ ಯಾರಿಗೂ ತೊಂದ್ರೆ ಇಲ್ಲ ಅಂತ ಮಾಡ್ದೆ, ಮಾವ್ಶಿ. ಸುಳ್ಳು ಅಂತ ಬರೀಬೇಡಿ.” ಬರೆಯಲಿಲ್ಲ. ಭಾನುವಾರ ಊಟಕ್ಕೆ ಬಾ ಎಂದೆ.

ಮಗನನ್ನು ಕೇಳಿದೆ, “ಹಾರಲಿಲ್ಲ ಯಾಕೆ?”

“ಸಮವೋ ಬೆಸವೋ ಅಂತ ಎಣಿಸ್ತಾ ಇದ್ದೆ ಅಮ್ಮಾ. ಆರರವರೆಗೆ ಬಂದಿದ್ದೆ. ಅಷ್ಟರಲ್ಲಿ ಹೊಟ್ಟೆಗೆ ಬಿತ್ತು.”

ಅಂತೂ ಗಣಿತ ಉಪಯೋಗಕ್ಕೆ ಬಂತು. ಏಳನೇ ಖಾನೆಯಲ್ಲಿ ಒಂದು ಎಂದು ಬರೆದೆ. ತಡೆದ ವಿಧಾನ: ಅಲ್ಲಾಡದೆ ನಿಂತು.

ಬರುವಾಗ ಬಾಳೆಗುಳಿಯಲ್ಲಿ ಇಳಿದು ಸೊಸೆಯ ಅಜ್ಜನಿಗೆ ಸುದ್ದಿ ಹೇಳಿದೆವು. ಈಗ ತೊಂಬತ್ತರ ಹತ್ತಿರ, ಅದೇ ಮೂಲೆ, ಅದೇ ಕುರ್ಚಿ. ವಹಿ ತೆರೆದು ಓದಿದೆ. ಮುಂದಿನ ವರ್ಷ ಬೆಂಚು ಇಲ್ಲ, ಪ್ರತಿ ಪಂದ್ಯವೂ ಪೂರ್ತಿ ತೊಂಬತ್ತು ನಿಮಿಷ ಗೋಲಿನಲ್ಲೇ ನಿಲ್ಲುತ್ತಾನೆ ಎಂದು ಹೆಮ್ಮೆಯಿಂದ ಹೇಳಿದೆ.

ಅಜ್ಜ ಕೈಯಲ್ಲಿದ್ದ ಎಲೆಯನ್ನು ಬದಿಗಿಟ್ಟರು. ಆಮೇಲೆ ಮೊಮ್ಮಗಳ ತಲೆ ಸವರಿದರು.

“ಅಳಬೇಡ ಮಗಾ. ಕೂತು ಮಾಡೂ ಕೆಲಸ ಅಂತ್ಲೇ ನಿನ್ನ ಕೊಟ್ಟಿದ್ದೆ. ಹನ್ನೊಂದು ವರ್ಷ ದುಡಿಸ್ಕೊಂಡು ಈಗ ನಿಂತು ಮಾಡೂಕೆ ಹಚ್ಚಿದ್ರು ಅಂದ್ರೆ... ಅಕ್ಕೋರೆ, ನೀವು ಓದಿದವ್ರು. ಎಂತಾದ್ರೂ ಅರ್ಜಿ ಬರ್ದು ಹುಡುಗನಿಗೆ ಮೊದಲಿನ ಜಾಗ ಕೊಡ್ಸಿ.”