ಕರೆಯದೇ ಬಂದ ‘ತಪ್ಪಾತು’

ಪಾರವ್ವ: ಹಂಗಾರ ನಾ ಕುರಿ ಏನ್ರಿ?

ವೀರಭದ್ರಪ್ಪ: ನಾ ಎಲ್ಲೆ ಅಂದೆ? ನಿನ್ನ ಮಗಳು ಫೋನಿನ್ಯಾಗ ಅಂದ್ಲು. ಈ ಕಾರ್ಗಿ ಜಾತಿ ನಾಯಿ ಕುರಿ, ದನಾ ಕಾಯಾಕ ಹುಟ್ಟಿದ್ದಂತ. ಕಾಲಿನ ಹಿಂಬಡಕ್ಕ ಬಾಯಿ ಹಾಕಿ ಎಲ್ಲಾರ್ನೂ ಒಂದ ಕಡೆ ಕೂಡಸ್ತೈತಂತ.

ಪಾರವ್ವ: ಮತ್ತ ನನ್ನ ಹಿಂಬಡಕ್ಕ ಯಾಕ ಬಾಯಿ ಹಾಕ್ತೈತಿ? ನಾ ಕುರಿ ಅಂತನ ಅಲ್ಲೇನು?

ವೀರಭದ್ರಪ್ಪ: ದನಾನೂ ಕಾಯ್ತೈತಿ ಅಂದೆನಲ್ಲ.

ಡೊಂಬಿವಲಿಯ ಒನ್ ಬಿಎಚ್‌ಕೆ ಮನೆ, ಭಾನುವಾರದ ಮಧ್ಯಾಹ್ನ. ಮಗಳು ಸ್ನೇಹಲ್ ಗಂಡನ ಜೊತೆ ಪುಣೆಗೆ ಹೋಗುವಾಗ ತವರಿನಲ್ಲಿ ಬಿಟ್ಟುಹೋದ ನಾಯಿ ಪೇಡಾ, ಹೆಸರಿಗೆ ತಕ್ಕ ಬಣ್ಣದ ಗಿಡ್ಡ ಕಾಲಿನ ಪ್ರಾಣಿ, ಇಬ್ಬರ ನಡುವೆ ಕೂತು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಿತ್ತು. ಸೋಫಾದ ಮೇಲೆ ಮೇಲಿನ ಮನೆಯ ಮುರಾರಿ. ಉಡುಪಿ ಕಡೆಯವರು. ಬೆಳಗಿನ ಚಹಾಕ್ಕೆಂದು ಬಂದವರು ಊಟದ ಹೊತ್ತಾದರೂ ಎದ್ದಿರಲಿಲ್ಲ, ಪಂಚಾಯ್ತಿಗೆ ಸಿಕ್ಕಿಬಿದ್ದಿದ್ದರು.

ವೀರಭದ್ರಪ್ಪ: ಸಂಜೀಕ ನಿನ್ನ ತಮ್ಮ ರಾಜಶೇಖರ ಬದಲಾಪುರದಿಂದ ಬರ್ತಾನ. ನಾಯಿ ಒಯ್ಯಲಿ, ಮುಗೀತು.

ಪಾರವ್ವ: ಒಯ್ಯಲಿ. ಕುರಿ ಅನಿಸ್ಕೊಂಡು ನಾ ಇರಂಗಿಲ್ಲ.

ಮುರಾರಿ: ಅಕ್ಕ, ಒಂದು ನಿಮಿಷ. ಇಬ್ಬರೂ ಒಪ್ಪಿದ್ರಲ್ಲ, ಮತ್ತೆ ಜಗಳ ಎಂತದ್ದು ಮಾರಾಯ್ರೆ?

ವೀರಭದ್ರಪ್ಪ: ನನ್ನ ಮಾತು ನನಗ ವಾಪಸ್ ಬೇಕ್ರೀ. ಹೋದ ಐತವಾರ ಇಕಿಗೆ ‘ತಪ್ಪಾತು’ ಅಂದಿದ್ದೆ.

ಮುರಾರಿ: ನೀವಾ?

ವೀರಭದ್ರಪ್ಪ: ನಾನ. ಲಗ್ನಾದಾಗಿಂದ ಮೊದಲನೇ ಸಲ.

ಪಾರವ್ವ: ಬೀಗರ ಮುಂದ ನನ್ನ ಶೇಂಗಾ ಚಟ್ನಿ ‘ಥೇಟ್ ಅಂಗಡೀದರಂಗ ಐತಿ’ ಅಂದ್ರು, ಅಣ್ಣಾರ. ಹುರದು ಕುಟ್ಟಿ ನನ್ನ ರಟ್ಟಿ ಬಿದ್ದು ಹೋಗಿದ್ವು.

ವೀರಭದ್ರಪ್ಪ: ಹೊಗಳಿದ್ದು ಅದು! ಕಲ್ಯಾಣದಾಗ ಬಟ್ಟಿ ಅಂಗಡಿ ಇಟ್ಟಾವ ನಾ. ಅಂಗಡಿ ಮಾಲಿಗಿಂತ ಚಲೋದು ನನಗ ಯಾವದೈತಿ?

ಆ ದಿನ ಸಿಟ್ಟಿನಲ್ಲಿ ವೀರಭದ್ರಪ್ಪ ಬಾಲ್ಕನಿಗೆ ಹೋಗಿದ್ದರು, ಪಾರವ್ವ ಅಡುಗೆಮನೆಗೆ. ಸಿಟ್ಟು ಮಾಡಿಕೊಂಡು ಹೋಗಲು ಆ ಮನೆಯಲ್ಲಿ ಅದಕ್ಕಿಂತ ದೂರದ ಜಾಗ ಇಲ್ಲ.

ವೀರಭದ್ರಪ್ಪ: ಈ ಪೇಡಾ ಬಂದು ಹಿಂಬಡ ಜಗ್ಗಿತು. ದೂಡಿದೆ, ಮತ್ತ ಬಂತು. ಇಕೀನ ಕಳಿಸ್ಯಾಳ, ಪಾಪ, ಬಾಯಿಬಿಟ್ಟು ಕರಿಯಾಕ ನಾಚಿಕಿ ಅಂತ ತಿಳದು ಎದ್ದು ಬಂದು ‘ತಪ್ಪಾತು’ ಅಂದೆ. ಈಗ ನೋಡಿದ್ರ ಕಳಿಸೇ ಇಲ್ಲ, ಅದು ನಾಯಿ ಹುಟ್ಟುಗುಣ! ಕರೀದ ಬಂದು ಹೇಳಿದ್ದು ಹೆಂಗ ನಡೀತೈತಿ?

ಪಾರವ್ವ: ವಾಪಸ್ ಕೊಡಾಕ ಅದೇನ ನಿಮ್ಮ ಅಂಗಡಿ ಸೀರಿ ಏನ್ರಿ?

ವೀರಭದ್ರಪ್ಪ: ಸೀರಿ ಆಗಿದ್ರ ಬದಲಿ ಆದ್ರೂ ಕೇಳ್ತಿದ್ದೆ.

ಮುರಾರಿ: ನೀವು ಕಳಿಸ್ಲಿಲ್ಲ, ಸರಿ. ಮತ್ತೆ ಅಡುಗೆಮನೆಯಿಂದ ನೀವ್ಯಾಕೆ ಹೊರಗೆ ಬಂದದ್ದು ಅಕ್ಕ?

ಪಾರವ್ವ ಸೆರಗು ಸರಿಮಾಡಿಕೊಂಡರು.

ಪಾರವ್ವ: ಚಾ ತಂದಿದ್ದೆ.

ಮುರಾರಿ: ಅಷ್ಟು ಸಿಟ್ಟಲ್ಲಿ ಚಹಾವಾ?

ಪಾರವ್ವ: ನನ್ನ ಹಿಂಬಡಾನೂ ಜಗ್ಗಿತ್ತಲ್ರೀ! ಚಾಕ್ಕ ಇವರ ಕಳಿಸ್ಯಾರ, ಬಾಯಿಬಿಟ್ಟು ಕೇಳಾಕ ಬಿಗುಮಾನ ಅಂತ ಅನಕೊಂಡೆ. ಶುಂಠಿ ಜಜ್ಜಿ ಹಾಕಿ, ಸಕ್ಕರಿ ಒಂದ ಚಮಚಾ ಹೆಚ್ಚಿಗೇ ಹಾಕಿ ತಂದೆ.

ವೀರಭದ್ರಪ್ಪ: ನಾ ಕಳಿಸಿರಲೇ ಇಲ್ಲ.

ಪಾರವ್ವ: ಹಂಗಾರ ನನ್ನ ಚಾ ವಾಪಸ್ ಕೊಡ್ರಿ!

ಮುರಾರಿ ನಗು ತಡೆಯಲು ಖಾಲಿ ಕಪ್ಪನ್ನು ಬಾಯಿಗಿಟ್ಟರು. ವೀರಭದ್ರಪ್ಪ ತಲೆ ಕೆರೆದುಕೊಂಡರು. ಕರೆಯದೇ ಇದ್ದರೂ ಇಬ್ಬರೂ ಬಂದಿದ್ದರು. ಅದು ಅವರಿಗೆ ಈಗ ಹೊಳೆಯಿತು, ಹೊಳೆದು ಖುಷಿಯೂ ಆಯಿತು.

ವೀರಭದ್ರಪ್ಪ: ಚಲೋ ಆಗಿತ್ತು ಬಿಡು ಚಾ.

ಪಾರವ್ವ: ಅಂಗಡೀದರಂಗ?

ವೀರಭದ್ರಪ್ಪ: ಇಲ್ಲಿಲ್ಲ! ಮನೀದರಂಗ.

ಪಾರವ್ವ ಮುಖ ತಿರುಗಿಸಿ ನಕ್ಕರು. ಪೇಡಾ ತನ್ನ ಕೆಲಸ ಮುಗಿಯಿತೆಂಬಂತೆ ನೆಲದ ಮೇಲೆ ಉದ್ದಕ್ಕೆ ಮಲಗಿತು.

ಮುರಾರಿ: ವೀರಭದ್ರಪ್ಪನವ್ರೆ, ನಾಯಿಯನ್ನು ಬದಲಾಪುರಕ್ಕೆ ಎಂತಕ್ಕೆ ಕಳಿಸ್ತೀರಿ? ನಂಗೆ ಕೊಡಿ. ನನ್ನ ಹೆಂಡತಿ ವಾರಿಜಾ ನಿನ್ನೆಯಿಂದ ಮಾತು ಬಿಟ್ಟಿದ್ದಾಳೆ. ಅವಳ ಅಣ್ಣ ಮಾತಾಡುವಾಗ ನಾನು ಗೊರಕೆ ಹೊಡೆದೆನಂತೆ.

ವೀರಭದ್ರಪ್ಪ: ಅದ್ಕ ಮುಂಜಾನಿಂದ ಇಲ್ಲೇ ಕುಂತೀರೇನು! ಒಯ್ರಿ, ಒಯ್ರಿ.

ಅವರು ನಾಯಿಯ ಬೆಲ್ಟ್ ಹಿಡಿದು ಕೊಡುವಷ್ಟರಲ್ಲಿ ಪಾರವ್ವ ಅದನ್ನು ಕಸಿದುಕೊಂಡರು.

ಪಾರವ್ವ: ಯಾರಿಗೂ ಕೊಡಂಗಿಲ್ಲ. ರಾಜಶೇಖರಗೂ ಇಲ್ಲ, ನಿಮಗೂ ಇಲ್ಲ ಅಣ್ಣಾರ. ನೀವು ನಿಮ್ಮ ಕಾಲಿಂದನ ಮ್ಯಾಲೆ ಹೋಗಿ ‘ತಪ್ಪಾತು’ ಅನ್ರಿ.

ಮುರಾರಿ: ಒಂದು ಗಂಟೆ ಮಟ್ಟಿಗಾದರೂ ಅಕ್ಕ?

ಪಾರವ್ವ: ಆಗಂಗಿಲ್ರಿ. ಬೀಗರು ಕೋಪರಖೈರಣೆಯಿಂದ ರಾತ್ರಿ ಮತ್ತ ಊಟಕ್ಕ ಬರಾಕತ್ಯಾರ. ಇವರು ಮತ್ತ ನನ್ನ ಅಡಗಿ ಹೊಗಳ್ತಾರ.